ಗೋಡೆ ಅಮಾವಾಸ್ಯೆಯ ಬೆಲ್ಲ

ಯಾರದಾದರೂ ಮನೆ ನೋಡಿಕೊಡು ಎಂದು ಕರೆ ಬಂದರೆ ನಾನು ಮೊದಲು ಆ ಮನೆಯ ಮೂಡಲ ಮಗ್ಗುಲಿನವರ ಬಾಗಿಲು ತಟ್ಟುತ್ತಿದ್ದೆ. ನಮ್ಮ ಊರಿನಲ್ಲಿ ಮನೆ ನೋಡುವುದೆಂದರೆ ಹಾಗೇ. ಒಂದು ಮನೆಯ ಹುಳುಕು ಆ ಮನೆಯಲ್ಲಿ ಕಾಣುವುದಿಲ್ಲ, ಮೂಡಲ ಪಕ್ಕದ ಮನೆಯ ಗೋಡೆಯಲ್ಲಿ ಕಾಣುತ್ತದೆ. ನಿಮ್ಮ ತೊಲೆಗೆ ಗೆದ್ದಲು ಹತ್ತಿದ್ದರೂ ಅದು ಎಣ್ಣೆ ಹಚ್ಚಿದ ಹಾಗೆ ನುಣ್ಣಗೆ ಮಿಂಚುತ್ತಿರುತ್ತದೆ, ಬೀಳುವ ದಿನದವರೆಗೂ. ಗೆದ್ದಲಿನ ಮಣ್ಣುಗೆರೆ ಏಳುವುದು ಪಕ್ಕದವರ ಅಡುಗೆಮನೆಯಲ್ಲಿ. ನಿಮ್ಮ ಪಾಯ ಕುಸಿದರೆ ಬಿರುಕು ಅವರ ಪಡಸಾಲೆಗೆ. ಸಾಲಿನ ಕೊನೆಯ ಮನೆಗಳ ಮೂಡಲಿಗೆ ಯಾರೂ ಇಲ್ಲವಲ್ಲ, ಅವರು ಬಯಲಿನಲ್ಲಿ ಬರೀ ಒಂದು ಗೋಡೆ ಕಟ್ಟಿಸಿಕೊಂಡಿರುತ್ತಾರೆ. ಮನೆಯಿಲ್ಲದ ಒಂಟಿ ಗೋಡೆ. ಆಡುಗಳು ಅದಕ್ಕೆ ಮೈ ತಿಕ್ಕಿಕೊಂಡು ನಿಂತಿರುತ್ತವೆ, ಮನೆಯವರು ದಿನಾ ಬೆಳಿಗ್ಗೆ ಬಂದು ಆಡು ಓಡಿಸಿ ಗೋಡೆ ನೋಡಿಕೊಂಡು ಹೋಗುತ್ತಾರೆ.

ಹೀಗಾಗಿ ನಮ್ಮ ಊರಿನಲ್ಲಿ ಜಗಳವೂ ಬಹಳ, ಜಗಳದಲ್ಲಿ ಸಂಬಂಧ ಮುರಿಯದ ಹಾಗೆ ನೋಡಿಕೊಳ್ಳುವುದೂ ಬಹಳ. ಹಿಂದಿನ ಓಣಿಯ ತಿಪ್ಪವ್ವ ಬೆಳಗಾದರೆ ಕಟ್ಟೆಯ ಮೇಲೆ ನಿಂತು ಕೂಗುತ್ತಾಳೆ. "ಏ ಕಲ್ಲವ್ವಾ, ನಿನ್ನ ಬಚ್ಚಲ ನೀರು ನನ್ನ ದೇವರ ಜಗಲಿಗೆ ಬಂದು ಕುಂತೈತಿ. ನನ್ನ ದೇವರಿಗೆ ನೆಗಡಿ ಆಗೇತಿ. ಗಾರೆ ಹಾಕಸ್ತೀಯೋ ಇಲ್ಲೋ?" ಕಲ್ಲವ್ವ ಒಳಗಿನಿಂದಲೇ, "ಇವತ್ತೊಂದು ದಿನ ಅವಕ್ಕ ಕೌದಿ ಹೊದಸವಾ, ನಾಳೆ ಗೌಂಡಿ ಬರ್ತಾನ" ಎನ್ನುತ್ತಾಳೆ. ಇಷ್ಟಾದರೂ ಸಂಜೆಗೆ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಕಡಲೆ ಬಿಡಿಸುತ್ತಿರುತ್ತಾರೆ. ಕೂಡಲೇಬೇಕು. ಒಬ್ಬಳ ಸೂರು ಇನ್ನೊಬ್ಬಳ ಬಾಯಲ್ಲಿದೆ.

ನಾನು ಫಕೀರಪ್ಪ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು. ಈ ಕೆಲಸ ನನಗೆ ಯಾರೂ ಕಲಿಸಲಿಲ್ಲ, ಬೆರಳಿನ ಗೆಣ್ಣು ಕಲಿಸಿತು. ಗೋಡೆಗೆ ಗೆಣ್ಣಿನಿಂದ ಕುಟ್ಟಿದರೆ ಸದ್ದು ಹಿಂದಕ್ಕೆ ಬರುತ್ತದೆ. ಕಲೆ ಮುಟ್ಟಿದರೆ ಅದು ಹಳೆಯ ತೇವವೋ ಹೊಸದೋ ಗೊತ್ತಾಗುತ್ತದೆ. ಬಿರುಕಿನ ಬಾಯಿ ನೋಡಿದರೆ ಅದು ಯಾವ ತೊಲೆಯದು, ಇನ್ನೆಷ್ಟು ಮಳೆಗಾಲ ತಾಳುತ್ತದೆ ಎಂದು ಹೇಳಬಲ್ಲೆ. ನಲವತ್ತು ವರ್ಷ ಹೇಳಿದ್ದೇನೆ. "ಫಕೀರಪ್ಪನ ಕಣ್ಣಿಗಿ ಬಿತ್ತಂದ್ರ ಬಿತ್ತು, ಇಲ್ಲಂದ್ರ ಇಲ್ಲ" ಎನ್ನುವುದು ಊರಿನ ಮಾತಾಗಿತ್ತು. ಆ ಮಾತಿನ ಮೇಲೆಯೇ ನಾನು ಉಂಡಿದ್ದು, ತಲೆಯೆತ್ತಿ ನಡೆದಿದ್ದು. ಅದು ಹೋಗುವುದಾದರೆ ನನ್ನ ಹತ್ತಿರ ಉಳಿಯುವುದು ಒಂದು ಸುತ್ತಿಗೆ, ಒಂದು ಕೆರೆಯುವ ಅಲಗು, ಅಷ್ಟೇ.

ಮಳೆಗಾಲಕ್ಕೆ ಮುಂಚಿನ ಅಮಾವಾಸ್ಯೆಗೆ ನಾವು ಗೋಡೆ ಅಮಾವಾಸ್ಯೆ ಅನ್ನುತ್ತೇವೆ. ಅವತ್ತು ಬೆಳಿಗ್ಗೆ ಮಿಂದು, ಪ್ರತಿ ಮನೆಯಿಂದ ಒಬ್ಬರು ತಮ್ಮ ಪಡುವಲ ಮಗ್ಗುಲಿನವರ ಹೊಸಿಲಿಗೆ ಹೋಗಿ ನಿಂತು ಎರಡರಲ್ಲಿ ಒಂದು ಮಾತು ಹೇಳಬೇಕು. ಗುರುತು ಎದ್ದಿದ್ದರೆ, "ನಿಮ್ದು ನಮ್ಮಲ್ಲೈತಿ." ಆಗ ಆ ಮನೆಯವರು "ನೋಡಾಕ ಬರ್ತೀನಿ" ಎಂದು ಎದ್ದು ಬರುತ್ತಾರೆ. ಅವರ ಮನೆ ದುರಸ್ತಿ ಆಗುವ ತನಕ ಗುರುತಿನ ಮೇಲೆ ಸುಣ್ಣ ಬಳಿಯುವಂತಿಲ್ಲ, ಅದು ಬಯಲಿಗೇ ಇರಬೇಕು. ಸುಣ್ಣ ಬಿದ್ದ ಗುರುತು ಮತ್ತೆ ಮೇಲೆ ಏಳುವುದಿಲ್ಲ, ಅದಕ್ಕೇ ಈ ಕಟ್ಟು. ಏನೂ ಎದ್ದಿರದಿದ್ದರೆ, "ನಮ್ಮಲ್ಲೇನಿಲ್ಲ." ಅದು ಒಳ್ಳೆಯ ಸುದ್ದಿ, ಹೇಳಿದವರಿಗೆ ಒಂದು ಉಂಡೆ ಬೆಲ್ಲ. ನಮ್ಮಲ್ಲೇನಿಲ್ಲ ಅಂದವರ ಮನೆಗೆ "ಇರಲಿ, ಒಮ್ಮೆ ನೋಡಿ ಬರ್ತೀನಿ" ಎಂದು ಯಾರೂ ಹೋಗುವುದಿಲ್ಲ. ಅದು ಅವರ ಬಾಯಿಗೆ ಕೈ ಹಾಕಿದ ಹಾಗೆ. ಮನೆ ಮಾರಾಟವಾಗಿ ಕೈ ಬದಲಾಗುವಾಗ ಮಾತ್ರ ಪಕ್ಕದ ಗೋಡೆಯನ್ನು ಕೆರೆದು ನೋಡುತ್ತೇವೆ.

ನನ್ನ ಪಡುವಲ ಮಗ್ಗುಲಿನವನು ರಾಚಪ್ಪ, ಸಿಂಪಿಗ. ಅವನ ಹೆಂಡತಿ ಬಂಗಾರೆವ್ವ ನನ್ನನ್ನು ಅಣ್ಣಾರ ಅನ್ನುತ್ತಿದ್ದುದರಿಂದ ಅವನು ನನಗೆ ಮಾವಾ ಅನ್ನುತ್ತಿದ್ದ. ಉತ್ತರದ ಕಿಟಕಿಗೆ ಮಶೀನು ಹಾಕಿಕೊಂಡು ದಿನವೆಲ್ಲ ಕೂತಿರುತ್ತಿದ್ದ, ದಾರಿಯಲ್ಲಿ ಹೋದವರನ್ನೆಲ್ಲ ಮಾತಾಡಿಸುತ್ತಿದ್ದ. "ಏ ಮಾವಾ, ಊರ ಮಂದಿ ಗೋಡಿ ಕುಟ್ಟಿ ಕುಟ್ಟಿ ನಿನ್ನ ಗೆಣ್ಣು ದಪ್ಪ ಆಗ್ಯಾವ. ನಿನಗ ಅಂಗಿ ತೋಳು ಒಂದು ಬೆರಳು ಹೆಚ್ಚಽ ಇಡಬೇಕು ನೋಡು." ಬಂಗಾರೆವ್ವ ಅವನ ಹಿಂದೆ ಕೂತು ಗುಂಡಿ ಹಚ್ಚುತ್ತಿದ್ದಳು. ಎಲೆ ಅಡಿಕೆಯ ಚೀಲ, ಸುಣ್ಣದ ಡಬ್ಬಿ ಅವಳ ಸೊಂಟ ಬಿಟ್ಟು ಇಳಿದದ್ದು ನಾನು ನೋಡಿಲ್ಲ. ಬೆರಳ ತುದಿಯಲ್ಲಿ ಸದಾ ಒಂದಿಷ್ಟು ಸುಣ್ಣದ ಬಿಳುಪು. ಗಿರಾಕಿಗಳ ಕರಿ ಕೋಟಿನ ಮೇಲೆ ಬಿಳಿ ಚುಕ್ಕೆ ಕಂಡರೆ ರಾಚಪ್ಪ, "ಇದು ನಮ್ಮ ಅಂಗಡಿ ಮುದ್ರಿ, ಬಿಡ್ರಿ" ಎನ್ನುತ್ತಿದ್ದ.

ಈಗ ಒಂಬತ್ತು ವರ್ಷದ ಹಿಂದಿನದು. ನನ್ನ ಮಗಳು ಕಸ್ತೂರಿಯನ್ನು ನೋಡಲು ಬೇರೆ ಊರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಅಮಾವಾಸ್ಯೆ ಆಗಿ ನಾಲ್ಕನೆಯ ದಿನಕ್ಕೆ. ಅಮಾವಾಸ್ಯೆಯ ಹಿಂದಿನ ದಿನ ಪಡಸಾಲೆಯ ಗೋಡೆಯ ಮೂಲೆಯಲ್ಲಿ, ಎದೆಯ ಎತ್ತರಕ್ಕೆ, ಒಂದು ಗೇಣಿನಷ್ಟು ಬಿರುಕು ಕಂಡೆ. ಕೂದಲೆಳೆಯಷ್ಟು ಸಣ್ಣದು. ಆದರೆ ತುದಿಯಲ್ಲಿ ಎರಡು ಕವಲು ಒಡೆದಿತ್ತು. ತೊಲೆಯ ಬಿರುಕಿಗೆ ಮಾತ್ರ ಹಾಗೆ ಕವಲು. ರಾಚಪ್ಪನ ಮಶೀನಿನ ಮೇಲಿನ ತೊಲೆ. ಗೆಣ್ಣು ಇಟ್ಟು ಕೇಳಿದೆ. ಎರಡು ಮಳೆಗಾಲ ತಾಳುತ್ತದೆ ಅನ್ನಿಸಿತು.

ನನ್ನ ಹೆಂಡತಿ ಕಾಶವ್ವ ಹಿಂದೆ ಬಂದು ನಿಂತಿದ್ದಳು. "ಬರೋ ಮಂದಿಗೆ ನಮ್ಮ ಊರ ಪದ್ಧತಿ ತಿಳಿಯಂಗಿಲ್ರಿ. ಬಿರುಕು ನೋಡಿ ಇವರ ಮನಿನಽ ಬೀಳಾಕತ್ತೈತಿ ಅಂತಾರ. ಒಡಕು ಮನಿ ಹುಡುಗಿ ಬ್ಯಾಡ ಅಂತ ಎದ್ದು ಹೋದ್ರ?" ಎಂದಳು. ಅದರ ಹಿಂದಿನ ವರ್ಷ ಒಂದು ಕಡೆಯವರು ಹಾಗೇ ಎದ್ದು ಹೋಗಿದ್ದರು. ಆಗಿನ ತೇವದ ಕಲೆಯೂ ರಾಚಪ್ಪನ ಬಚ್ಚಲದ್ದೇ. ನಾನು ಹೇಳಿದ್ದೆ, ಅವನು ಸರಿ ಮಾಡಿಸಿಕೊಂಡಿದ್ದ, ನನ್ನ ಮಗಳು ಕೋಣೆಯಲ್ಲಿ ಮೂರು ದಿನ ಮಾತಿಲ್ಲದೆ ಮಲಗಿದ್ದಳು. ತೊಲೆ ಬದಲಾಯಿಸಲು ತಿಂಗಳು ಬೇಕು. ತಿಂಗಳ ತನಕ ಗುರುತು ಬಯಲಿಗಿರಬೇಕು. ನಾಲ್ಕು ದಿನದ ಮಾತು, ಆಮೇಲೆ ಹೇಳಿದರಾಯಿತು, ಹೇಗೂ ಎರಡು ಮಳೆಗಾಲ ಇದೆಯಲ್ಲ ಎಂದುಕೊಂಡೆ. ಒಂದು ಬೆರಳು ಸುಣ್ಣದ ಮುದ್ದೆ ತೆಗೆದುಕೊಂಡು ಆ ಬಿರುಕಿಗೆ ಒತ್ತಿದೆ. ಒತ್ತುವಾಗ ಹೆಬ್ಬೆರಳ ಗುರುತು ಕೂತಿತು. ಒರೆಸಲು ಹೋಗಲಿಲ್ಲ, ಮೇಲೆ ಬಣ್ಣ ಬರುತ್ತದಲ್ಲ ಎಂದು.

ಮರುದಿನ ರಾಚಪ್ಪನ ಹೊಸಿಲಿಗೆ ಹೋಗಿ ನಿಂತೆ. "ನಮ್ಮಲ್ಲೇನಿಲ್ಲ." ಅವನು ಬಾಯ್ತುಂಬ ನಕ್ಕು ಬೆಲ್ಲ ಕೊಟ್ಟ. "ತಿನ್ನು ಮಾವಾ, ಇಲ್ಲೇ ತಿನ್ನು. ಮಗಳ ಮದವಿ ಬೆಲ್ಲಾನೂ ಹಿಂಗಽ ಇಲ್ಲೇ ಬರ್ಲಿ." ನಾನು ಅವನ ಎದುರೇ ತಿಂದು ಬೆರಳು ನೆಕ್ಕಿದೆ. ಅವತ್ತೇ ಮಧ್ಯಾಹ್ನ ಬಂಗಾರೆವ್ವ ಸೆರಗು ಕಟ್ಟಿಕೊಂಡು ನಮ್ಮ ಮನೆಗೆ ಬಂದಳು. ಸುಣ್ಣಕ್ಕೆ ಅರಿಸಿನ ಬಣ್ಣ ಕಲಸಿ, ಕಾಶವ್ವನ ಜೊತೆ ಪಡಸಾಲೆಗೆಲ್ಲ ಹಳದಿ ಬಳಿದಳು. ಬಳಿಯುತ್ತ ಬಳಿಯುತ್ತ ಬೀಗರ ಮೇಲೆ ಹಾಡು ಕಟ್ಟಿ ಹಾಡಿದಳು. ಆ ಮೂಲೆಗೂ ಅವಳೇ ಬಳಿದಳು. ನಾನು ಅಲ್ಲೇ ಇದ್ದೆ.

ಸಂಬಂಧ ಕೂಡಿತು, ಅದೇ ತಿಂಗಳು ಮದುವೆಯೂ ಆಯಿತು. ಆಮೇಲೆ ಹೇಳಲು ಎರಡು ಸಲ ಹೋದೆ. ಒಮ್ಮೆ ಅವನು ಗಿರಾಕಿಯ ಅಳತೆ ತೆಗೆಯುತ್ತಿದ್ದ. ಇನ್ನೊಮ್ಮೆ ಯಾರೂ ಇರಲಿಲ್ಲ, ಆದರೂ ಬಾಯಿ ಬರಲಿಲ್ಲ. ಹೇಳುವುದಾದರೆ ಬಿರುಕಿನ ಮಾತಿಗಿಂತ ಮೊದಲು ಬೆಲ್ಲದ ಮಾತು ಹೇಳಬೇಕಲ್ಲ. ಮುಂದಿನ ವರ್ಷದ ಅಮಾವಾಸ್ಯೆ ಬಂತು. ಹಳದಿ ಗೋಡೆ ಹಳದಿಯಾಗಿಯೇ ಇತ್ತು. ಕಣ್ಣಿಗೆ ಕಾಣುವುದೇ ಇಲ್ಲವಲ್ಲ, ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡು ಮತ್ತೆ "ನಮ್ಮಲ್ಲೇನಿಲ್ಲ" ಎಂದೆ, ಎರಡನೆಯ ಉಂಡೆಯನ್ನೂ ತಿಂದೆ. ಆ ಮಳೆಗಾಲದ ನಡುವೆ, ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಮಶೀನಿನ ಸದ್ದು ನಡೆದೇ ಇರುವಾಗ ತೊಲೆ ಬಿತ್ತು. ಬಂಗಾರೆವ್ವ ಹಿತ್ತಲಲ್ಲಿ ಗಂಜಿ ಬಸಿಯುತ್ತಿದ್ದಳು. ನಾವೆಲ್ಲ ಸೇರಿ ತೊಲೆ ಎತ್ತಿದೆವು. ರಾಚಪ್ಪನ ಕೈಯಲ್ಲಿ ಒಂದು ಅಂಗಿಯ ತೋಳು ಇತ್ತು.

ಹೆಣ ಎತ್ತುವ ಮೊದಲು ಊರ ಹಿರಿಯರು ನನ್ನನ್ನು ಕೇಳಿದರು. "ಫಕೀರಪ್ಪ, ನಿಮ್ಮಲ್ಲಿ ಏನೂ ಎದ್ದಿರಲಿಲ್ಲೇನು?" ಬಂಗಾರೆವ್ವ ಗೋಡೆಗೆ ಒರಗಿ ಕೂತಿದ್ದವಳು ತಲೆ ಎತ್ತಿ ನನ್ನ ಬಾಯಿ ನೋಡಿದಳು. "ಇಲ್ರಿ. ಇದು ಗುರುತಿಲ್ಲದ್ದು" ಎಂದೆ. ಅಂಥ ಮಾತು ಅಲ್ಲಿಯವರೆಗೆ ನಮ್ಮ ಊರಿನಲ್ಲಿ ಇರಲಿಲ್ಲ. ಆ ಕ್ಷಣಕ್ಕೆ ನನ್ನ ಬಾಯಲ್ಲಿ ಹುಟ್ಟಿದ್ದು. "ಕೆಲವು ಹುಳುಕು ಗುರುತು ಬಿಡಂಗಿಲ್ಲ. ನೆಟ್ಟಗ ಬಂದುಬಿಡ್ತಾವ" ಎಂದೆ. ನಾನು ಹೇಳಿದ ಮೇಲೆ ಮುಗಿಯಿತು. ಹಿರಿಯರು ತಲೆಯಾಡಿಸಿದರು. ಬಂಗಾರೆವ್ವ ತಲೆ ಇಳಿಸಿದಳು.

ಮಾತು ಹುಟ್ಟಿದ ಮೇಲೆ ಬದುಕಲು ಶುರು ಮಾಡಿತು. ಮರುವರ್ಷ ಕುಂಬಾರ ಓಣಿಯಲ್ಲಿ ಒಂದು ಗೋಡೆ ಬಿತ್ತು. ಪಕ್ಕದವರನ್ನು ಕೇಳಿದರೆ, "ಗುರುತಿಲ್ಲದ್ದರಿ" ಎಂದರು. ಅದರ ಮರುವರ್ಷ ಎರಡು. ಒಬ್ಬ ಅಣ್ಣ ತನ್ನ ತಮ್ಮನ ಮನೆಯ ಪಾಯ ಕುಸಿಯುವುದನ್ನು ವರ್ಷವಿಡೀ ನೋಡಿ ಸುಮ್ಮನಿದ್ದ ಎಂದು ಊರಿಗೆಲ್ಲ ಗೊತ್ತಿತ್ತು. ಅವನೂ ಅದನ್ನೇ ಅಂದ. ಮಾಸ್ತರರು ಕೂಡ ಪಾಸಾಗದ ಹುಡುಗರಿಗೆ "ಇದೂ ಗುರುತಿಲ್ಲದ್ದು" ಎನ್ನತೊಡಗಿದರು, ಜನ ನಕ್ಕರು. ಒಟ್ಟು ಹನ್ನೊಂದು ಮನೆ ಹೀಗೆ ಬಿದ್ದವು. ಪ್ರತಿ ಸಲವೂ ನನ್ನನ್ನು ಕರೆದು ಕೇಳಿದರು, ನಾನು ಅವುಗಳ ಮುಂದೆ ನಿಂತು ಹೌದೆಂದೆ. ಇಲ್ಲವೆನ್ನುವುದಾದರೆ ಮೊದಲನೆಯದನ್ನೂ ಇಲ್ಲವೆನ್ನಬೇಕಾಗುತ್ತಿತ್ತು.

ಬಂಗಾರೆವ್ವ ಹೊಸ ತೊಲೆ ಹಾಕಿಸಿಕೊಂಡು ಅದೇ ಮನೆಯಲ್ಲಿ ಒಬ್ಬಳೇ ಗುಂಡಿ ಹಚ್ಚುತ್ತ, ಕೌದಿ ಹೊಲಿಯುತ್ತ ಇದ್ದಳು. ಪ್ರತಿ ಅಮಾವಾಸ್ಯೆಗೂ ನಾನು ಹೋಗಿ "ನಮ್ಮಲ್ಲೇನಿಲ್ಲ" ಎನ್ನುತ್ತಿದ್ದೆ. ಆ ವರ್ಷಗಳಲ್ಲಿ ಅದು ನಿಜವೇ. ಅವಳ ಬೆಲ್ಲ ತಂದು ಕಾಶವ್ವನ ಕೈಗೆ ಕೊಡುತ್ತಿದ್ದೆ. ಕಾಶವ್ವ ಅದನ್ನು ಆಕಳಿಗೆ ಹಾಕುತ್ತಿದ್ದಳು. ನಾವಿಬ್ಬರೂ ಆ ಬಗ್ಗೆ ಮಾತಾಡಿದವರಲ್ಲ. ಆ ಮೂಲೆಗೆ ಒಂದು ಮರದ ಕಪಾಟು ತಂದು ನಿಲ್ಲಿಸಿದ್ದಳು, ವರ್ಷದ ಸುಣ್ಣ ಹೊಡೆಯುವಾಗ ಮಾತ್ರ ಸರಿಸುತ್ತಿದ್ದಳು, ಅಷ್ಟೇ.

ಕಳೆದ ವರ್ಷ ಚಳಿಗಾಲದಲ್ಲಿ ಬಂಗಾರೆವ್ವ ನಮ್ಮ ಕಟ್ಟೆಗೆ ಬಂದು ಕೂತಳು. "ಅಣ್ಣಾರ, ಮನಿ ಕೊಟ್ಟುಬಿಡ್ತೀನ್ರಿ. ಆ ಕಿಟಕಿ ಕಡೆ ಬೆನ್ನು ಮಾಡಿ ಕುಂದ್ರೂದು ಸಾಕಾಗೇತಿ. ಒಬ್ಬ ಟೀಚರಮ್ಮ ಕೇಳಾಕತ್ಯಾಳ. ಗೋಡಿ ನೋಡಿಕೊಡ್ರಿ." ನಾನು, "ನಮ್ಮ ಮನಿ ಗೋಡಿ ನಾನಽ ಹೆಂಗ ನೋಡ್ಲಿ ತಂಗಿ, ದೂರದಿಂದ ಯಾರನ್ನರ ಕರಸೋಣು" ಎಂದೆ. ಅವಳು ಎಲೆಗೆ ಸುಣ್ಣ ಸವರುತ್ತ ನಕ್ಕಳು. "ನಿಮ್ಮ ಕಣ್ಣು ಬಿಟ್ಟು ಇನ್ನೊಂದು ಕಣ್ಣು ಯಾಕ್ರಿ ನನಗ?"

ಅವಳು ಎದ್ದು ಹೋದ ತಕ್ಷಣ ಕಾಶವ್ವ ಬಾಗಿಲ ಸಂದಿಯಿಂದ ಹೇಳಿದಳು. "ಆ ಕಪಾಟಿನ ಮೂಲಿ ಒಂದು ಬಿಟ್ಟು ಉಳಿದದ್ದು ಕೆರೀರಿ. ತೊಲಿ ಹೊಸಾದು ಹಾಕ್ಯಾರ, ಹುಳುಕು ಹೋಗಿ ಎಷ್ಟೋ ವರ್ಷ ಆತು. ಕೊಳ್ಳಾಕಿಗೆ ಏನೂ ಮೋಸ ಇಲ್ಲ." ಅದು ಸರಿಯಾದ ಮಾತೇ. ಮೋಸ ಹೋಗುವವಳು ಕೊಳ್ಳುವವಳಲ್ಲ.

ಕೊಳ್ಳುವವಳು ಹೊಲಿಗೆ ಟೀಚರ್ ವಿಶಾಲಾಕ್ಷಮ್ಮ, ದಕ್ಷಿಣದ ಕಡೆಯಿಂದ ನಮ್ಮ ಶಾಲೆಗೆ ವರ್ಗವಾಗಿ ಬಂದವರು. ಉತ್ತರದ ಕಿಟಕಿಯ ಬೆಳಕು ನೋಡಿಯೇ ಆ ಮನೆಗೆ ಮನಸ್ಸು ಮಾಡಿದ್ದರು. ನಾನು ಅವರನ್ನು ನಮ್ಮ ಪಡಸಾಲೆಗೆ ಕರೆದು ಅಲಗು ತೆಗೆದಾಗ ಕಣ್ಣು ಅಗಲ ಮಾಡಿದರು. "ಅಲ್ಲಾ ಯಜಮಾನ್ರೇ, ನಾನು ತಗೋತಿರೋದು ಆ ಮನೆ, ನೀವು ಕೆರೀತಿರೋದು ಈ ಮನೆ. ನಿಮಗೆ ತಲೆ ನೆಟ್ಟಗಿದೆ ತಾನೇ?" ಬಂಗಾರೆವ್ವ ಬಾಯಿಗೆ ಸೆರಗು ಇಟ್ಟು ನಕ್ಕಳು. "ಅಕ್ಕಾರ, ನಿಮ್ಮ ಊರಾಗ ತಮ್ಮ ತಪ್ಪು ತಮಗಽ ಕಾಣ್ತಾವೇನ್ರಿ?" ಟೀಚರು ಸ್ವಲ್ಪ ಯೋಚಿಸಿ, "ಇಲ್ಲ, ಅಲ್ಲೂ ಕಾಣೋಲ್ಲ. ಸರಿ, ಕೆರೀರಿ" ಎಂದರು.

ಬಾಗಿಲಿನಿಂದ ಶುರು ಮಾಡಿದೆ. ಅಲ್ಲಲ್ಲಿ ಅಂಗೈ ಅಗಲ ಕೆರೆದು, ಗೆಣ್ಣಿನಿಂದ ಕುಟ್ಟಿ, ಕಿವಿ ಇಟ್ಟು ಮುಂದೆ ಹೋದೆ. ಮೇಲಿನ ಬಿಳಿ ಸುಣ್ಣ ಪದರ ಪದರವಾಗಿ ಉದುರಿತು, ವರ್ಷಕ್ಕೊಂದು ಪದರ. ಗೋಡೆ ಗಟ್ಟಿಯಾಗಿ ಉತ್ತರ ಕೊಡುತ್ತಿತ್ತು. ಕಪಾಟಿನ ಹತ್ತಿರ ಬಂದು ನಿಂತೆ. "ಚೊಕ್ಕಟ ಐತಿ" ಎಂದೆ. ಕಾಶವ್ವ ಅಡುಗೆಮನೆಯಲ್ಲಿ ಚಹಾದ ಬಸಿಗಳನ್ನು ಜೋಡಿಸುವ ಸದ್ದಾಯಿತು. ಟೀಚರು, "ಆ ಬೀರು ಹಿಂದೆ?" ಎಂದು ಕೇಳಿದರು. ಕಪಾಟಿಗೆ ಅವರು ಬೀರು ಅನ್ನುತ್ತಿದ್ದರು.

"ಬಿಡ್ರಿ ಅಕ್ಕಾರ" ಎಂದಳು ಬಂಗಾರೆವ್ವ. "ಅದನ್ಯಾಕ ಎಳೆಸ್ತೀರಿ, ವಯಸ್ಸಾದವರಿಗೆ. ಅವರು ಇಲ್ಲಂದ್ರ ಇಲ್ಲ. ನಮ್ಮವರು ಸತ್ತಾಗ ಊರೆಲ್ಲ ಪಿಸುಪಿಸು ಅಂತು, ಪಕ್ಕದವರು ನೋಡಿ ಸುಮ್ಮನಿದ್ರು ಅಂತ. ನಾನು ಒಬ್ಬಾಕೀನಽ ಅವರ ಬಾಯಿ ಮುಚ್ಚಿಸೀನಿ. ಫಕೀರಪ್ಪಣ್ಣ ಅಂಥಾವರಲ್ಲ ಅಂತ."

ಇದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನನ್ನ ಹೆಸರು ನನ್ನ ಕಣ್ಣಿನ ಮೇಲೆ ನಿಂತಿದೆ ಎಂದುಕೊಂಡಿದ್ದೆ, ಅದು ಅವಳ ಬಾಯಿಯ ಮೇಲೆ ನಿಂತಿತ್ತು. ಆಮೇಲೆ ನಾನು ಏನನ್ನೂ ಯೋಚಿಸಿ ಮಾಡಲಿಲ್ಲ. ಕಪಾಟಿಗೆ ಹೆಗಲು ಕೊಟ್ಟು ದೂಡಿದೆ. ಒಳಗಿನ ಗಾಜಿನ ಸಾಮಾನು ಒಂದಕ್ಕೊಂದು ತಾಗಿ ಕಿಣಿಗುಟ್ಟಿದವು. ಕಾಶವ್ವ ಬಾಗಿಲಿಗೆ ಬಂದು, "ಏನ್ರೀ" ಎಂದಳು. ಎದೆಯ ಎತ್ತರಕ್ಕೆ ಅಲಗು ಇಟ್ಟು ಕೆರೆದೆ. ಬಿಳಿ, ಬಿಳಿ, ಬಿಳಿ. ಎಂಟು ಬಿಳಿ ಪದರ ಉದುರಿದ ಮೇಲೆ ಹಳದಿ ಬಂತು.

"ಅಯ್ಯ, ಇದು ಕಸ್ತೂರಿ ಮದವ್ಯಾಗಿಂದು" ಎಂದಳು ಬಂಗಾರೆವ್ವ. ಅವಳ ದನಿಯಲ್ಲಿ ಖುಷಿಯಿತ್ತು. "ನಾನಽ ಬಳದಿದ್ದೆ." ನಾನು ಅಲಗನ್ನು ನಿಲ್ಲಿಸಲಿಲ್ಲ. ಹಳದಿಯ ಕೆಳಗೆ ಸುಣ್ಣದ ಮುದ್ದೆ ತುಂಬಿದ ಒಂದು ಗೆರೆ ಕಂಡಿತು, ಗೇಣುದ್ದ, ತುದಿಯಲ್ಲಿ ಎರಡು ಕವಲು. ನಡುವೆ ನನ್ನ ಹೆಬ್ಬೆರಳು, ಗೆರೆಗೆರೆಯಾಗಿ, ಮೊನ್ನೆ ಒತ್ತಿದ ಹಾಗೆ.

ನಾನು ಅವಳ ಕಡೆ ತಿರುಗಿ ಹೇಳಬೇಕಾದ ಮಾತು ಹೇಳಿದೆ. "ನಿಮ್ದು ನಮ್ಮಲ್ಲೈತಿ."

ಬಂಗಾರೆವ್ವ ಗೋಡೆ ನೋಡಿದಳು. ಹತ್ತಿರ ಬಂದು ಆ ಹೆಬ್ಬೆರಳ ಗುರುತಿನ ಮೇಲೆ ತನ್ನ ಹೆಬ್ಬೆರಳು ಇಟ್ಟು ತೆಗೆದಳು. ಅದರ ಮೇಲಿನ ಹಳದಿಯನ್ನು ಮುಟ್ಟಿದಳು, ಕೆಳಗಿನ ಸುಣ್ಣವನ್ನು ಮುಟ್ಟಿದಳು. ಯಾವುದು ಮೊದಲು, ಯಾವುದು ಆಮೇಲೆ ಎಂದು ನಮ್ಮ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. "ನೋಡಾಕ ಬಂದೀನಲ್ರಿ" ಎಂದಳು. ಆಮೇಲೆ, "ಎಷ್ಟು ತಾಳ್ತೈತಿ ಅಂದಿತ್ರಿ, ನಿಮ್ಮ ಕಣ್ಣು?"

"ಎರಡು ಮಳೆಗಾಲ."

"ಒಂದೂವರಿ ತಾಳ್ತು." ಅವಳು ಬೆರಳಿಗೆ ಅಂಟಿದ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು. "ಭಾಳೇನು ತಪ್ಪಿಲ್ಲ ಬಿಡ್ರಿ." ಟೀಚರ ಕಡೆ ತಿರುಗಿ, "ಈಗಿನ ತೊಲಿ ಸಾಗವಾನಿದು ಅಕ್ಕಾರ, ನೀವು ಚಿಂತಿ ಮಾಡಬ್ಯಾಡ್ರಿ" ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದಳು. ಕಾಶವ್ವ ಇಟ್ಟ ಚಹಾ ಬಸಿಯಲ್ಲೇ ಕೆನೆಗಟ್ಟಿತು.

ಊರು ನನಗೆ ಏನಾದರೂ ಮಾಡುತ್ತದೆ ಎಂದು ಕಾದೆ. ಮೂರನೆಯ ದಿನ ನಾನೇ ಹಿರಿಯರ ಹತ್ತಿರ ಹೋಗಿ, ಗುರುತಿಲ್ಲದ್ದು ಅನ್ನುವುದು ಇಲ್ಲವೇ ಇಲ್ಲ, ನಾನು ಹುಟ್ಟಿಸಿದ್ದು ಎಂದು ಹೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಇಬ್ಬರು ಅದೇ ಮಾತು ಹೇಳಿ ಬಚಾವಾದವರು. ದೊಡ್ಡವನಾದ ನಿಂಗಪ್ಪಜ್ಜ ಕೆಮ್ಮಿ, "ನಿನ್ನದು ಗುರುತಿದ್ದದ್ದಽ ಇರಬಹುದಪಾ ಫಕೀರಪ್ಪ. ಹಂಗಂತ ಉಳಿದ ಹತ್ತೂ ಮನಿದು ಯಾಕ ಕೆದರ್ತಿ? ಸತ್ತವರು ಸತ್ರು. ಇದ್ದವರು ಮಗ್ಗುಲಿಗೆ ಮಗ್ಗುಲು ಬಾಳೇ ಮಾಡಬೇಕು. ಆ ಮಾತು ಈಗ ನಿಂದಲ್ಲ, ಊರಿಂದು. ನಮಗ ಬಿಡು" ಎಂದ. ಇನ್ನೊಬ್ಬ, "ನಿನಗೂ ವಯಸ್ಸಾತು, ಕಣ್ಣು ಮಂಜಾಗ್ಯಾವ" ಎಂದು ನನ್ನ ಭುಜ ತಟ್ಟಿ ಕಳಿಸಿದ. ಅಂದಿನಿಂದ ನನ್ನನ್ನು ಮನೆ ನೋಡಲು ಯಾರೂ ಕರೆದಿಲ್ಲ. ನಿಜ ಹೇಳಿದ್ದಕ್ಕೆ ನನ್ನ ಕಣ್ಣು ಹೋಯಿತು.

ಟೀಚರಮ್ಮ ಮನೆಗೆ ಬಂದರು. ಈಗ ಆ ಕಿಟಕಿಯಲ್ಲಿ ಆರು ಹುಡುಗಿಯರು ಕೂತು ಲಂಗ ಹೊಲಿಯುತ್ತಾರೆ. ಬಂಗಾರೆವ್ವ ಊರು ಬಿಡುತ್ತಾಳೆ ಎಂದುಕೊಂಡಿದ್ದೆ. ಅವಳ ಸಾಮಾನಿನ ಗಾಡಿ ಆ ಮನೆಯಿಂದ ಹೊರಟು, ನಮ್ಮ ಬಾಗಿಲು ದಾಟಿ, ನಮ್ಮ ಮೂಡಲ ಮಗ್ಗುಲಿನ ಮನೆಯ ಮುಂದೆ ನಿಂತಿತು. ಮೀರಾಸಾಬರು ಬಿಟ್ಟುಹೋಗಿದ್ದ ಬಾಡಿಗೆ ಮನೆ. ಹಾಸಿಗೆ ಸುರುಳಿ ಇಳಿಸುತ್ತಿದ್ದವಳು ನನ್ನನ್ನು ನೋಡಿ, ಎಂದಿನ ದನಿಯಲ್ಲಿ, ಎಂದಿನ ಮರ್ಯಾದೆಯಲ್ಲಿ ಹೇಳಿದಳು. "ಇಷ್ಟು ವರ್ಷ ನಮ್ದು ನೀವು ನೋಡಿದ್ರಿ ಅಣ್ಣಾರ. ಇನ್ನ ನಿಮ್ದು ನಾ ನೋಡ್ತೀನಿ."

ಈ ವರ್ಷದ ಗೋಡೆ ಅಮಾವಾಸ್ಯೆ ಬಂತು. ನಾನು ಬೆಳಗಿನಿಂದ ಬಾಗಿಲು ತೆರೆದಿಟ್ಟು ಕೂತಿದ್ದೆ. ಕಾಶವ್ವ ಬೆಲ್ಲದ ಉಂಡೆಯನ್ನು ತಟ್ಟೆಯಲ್ಲಿಟ್ಟು ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿದ್ದಳು. ಬಿಸಿಲು ಕಟ್ಟೆಗೆ ಏರುವ ಹೊತ್ತಿಗೆ ಬಂಗಾರೆವ್ವ ಬಂದಳು. ಮಿಂದು ಮಡಿಯುಟ್ಟಿದ್ದಳು. ಹೊಸಿಲಿನ ಆಚೆ ನಿಂತಳು. ಅವಳ ಬಾಯಿಂದ "ನಿಮ್ದು ನಮ್ಮಲ್ಲೈತಿ" ಎಂಬ ಮಾತು ಬರಲಿ ಎಂದು ನಾನು ದೇವರನ್ನು ಬೇಡಿಕೊಂಡೆ. ಹಾಗೆ ಬೇಡಿಕೊಂಡವನು ನಮ್ಮ ಊರಿನಲ್ಲಿ ನಾನೊಬ್ಬನೇ ಇರಬೇಕು.

"ನಮ್ಮಲ್ಲೇನಿಲ್ಲ" ಎಂದಳು ಬಂಗಾರೆವ್ವ.

ನಾನು ಬೆಲ್ಲ ಕೊಟ್ಟೆ. ಅವಳು ಬಲಗೈ ಚಾಚಿದಳು. ಆ ಬೆರಳುಗಳ ಸಂದಿಯಲ್ಲಿ, ಉಗುರಿನ ಬುಡದಲ್ಲಿ ಸುಣ್ಣದ ಬಿಳುಪಿತ್ತು. ಮೂವತ್ತು ವರ್ಷದಿಂದ ಆ ಬೆರಳಿನಲ್ಲಿ ಸುಣ್ಣ ನೋಡಿದ್ದೇನೆ. ಅದು ಎಲೆಗೆ ಸವರಿದ್ದೋ, ಗೋಡೆಗೆ ಒತ್ತಿದ್ದೋ? ಹೆಬ್ಬೆರಳನ್ನು ನೋಡಬೇಕೆಂದು ಬಗ್ಗಿದೆ. ಅಷ್ಟರಲ್ಲಿ ಅವಳು ಬೆಲ್ಲದ ಮೇಲೆ ಮುಷ್ಟಿ ಮುಚ್ಚಿದಳು.

"ಇಲ್ಲೇ ತಿನ್ನವಾ" ಎಂದೆ. ನನ್ನ ದನಿ ನನಗೇ ರಾಚಪ್ಪನ ದನಿಯ ಹಾಗೆ ಕೇಳಿಸಿತು. ಅವಳು ಸೆರಗಿನ ತುದಿಗೆ ಬೆಲ್ಲ ಕಟ್ಟಿಕೊಂಡು, "ಮನ್ಯಾಗ ತಿಂತೀನ್ರಿ ಅಣ್ಣಾರ" ಎಂದು ನಿಧಾನವಾಗಿ ಮೆಟ್ಟಿಲು ಇಳಿದು ಹೋದಳು.

ಗೌಂಡಿಯನ್ನು ಕರೆಸಿದೆ. ಅವನು ಮೇಲೆ ಕೆಳಗೆ ನೋಡಿ, "ಎಲ್ಲಾ ನುಣ್ಣಗ ಅದಾವಲ್ರಿ. ಯಾವ ತೊಲಿ ಬದಲಿ ಮಾಡ್ಲಿ?" ಎಂದ. ಅಟ್ಟದಿಂದ ಹಿತ್ತಲಿನ ತನಕ ನಮ್ಮ ಮನೆಗೆ ಹದಿನಾಲ್ಕು ತೊಲೆ. ಅವನು ಒಂದು ಬಟ್ಟಲು ಮಜ್ಜಿಗೆ ಕುಡಿದು ಹೋದ. ಹಾಗೇ ಪಕ್ಕದ ಮನೆಗೆ ಹೋಗಿ ಕೇಳೋಣವೆಂದರೆ, ಏನೂ ಇಲ್ಲ ಎಂದವಳ ಬಾಯಿಗೆ ಕೈ ಹಾಕಿದ ಹಾಗೆ. ಅದೂ ನಾನು.

ಒಂದೊಂದು ಸಲ ಅನ್ನಿಸುತ್ತದೆ, ಅವಳು ನಿಜವನ್ನೇ ಹೇಳಿದ್ದಾಳೆ, ಅವಳು ನನ್ನಂಥವಳಲ್ಲ. ಹಾಗೆ ಅನ್ನಿಸಿದ ದಿನ ಒಂದು ತುತ್ತು ಹೆಚ್ಚು ಉಣ್ಣುತ್ತೇನೆ. ಮಧ್ಯಾಹ್ನ ಮಲಗುವ ಹೊತ್ತಿಗೆ ಕಾಶವ್ವ ಕೇಳುತ್ತಾಳೆ, "ಇವತ್ತು ಹಾಸಿಗೆ ಎಲ್ಲೆ ಹಾಸ್ಲಿ?" ನಾನು ಮೇಲೆ ನೋಡುತ್ತೇನೆ. ತೊಲೆಗಳೆಲ್ಲ ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತಿವೆ. ನಿನ್ನೆ ಹಾಸಿದ್ದಲ್ಲಿ ಬೇಡ ಎನ್ನುತ್ತೇನೆ.